ಗುದ್ದಿನ ಬಲ ಇರುವುದು ಅಂಗಾಲಿನಲ್ಲಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಜಾತ್ರೆಗಳಲ್ಲಿ ತೇರು, ಕೊಂಡಗಳ ಹಾಗೆಯೇ ಜನರನ್ನು ಸೆಳೆಯುವ ಇನ್ನೊಂದು ಆಕರ್ಷಣೆ ಕುಸ್ತಿ. ಮಟ್ಟಿಗೆ ಇಳಿದ ಪೈಲ್ವಾನನನ್ನು ಕಂಡ ಕೂಡಲೇ ಹೊಸ ನೋಡುಗನ ಕಣ್ಣು ಹೋಗುವುದು ಅವನ ತೋಳಿನ ಕಡೆಗೆ, ಎದೆಯ ಕಡೆಗೆ. ಪಕ್ಕದಲ್ಲಿ ಕುಳಿತ ಹಳೆಯ ಉಸ್ತಾದರು ನೋಡುವುದೇ ಬೇರೆ. ಪಾದ ಎಲ್ಲಿ ಊರಿದ್ದಾನೆ, ಮಂಡಿ ಎಷ್ಟು ಬಗ್ಗಿದೆ, ಸೊಂಟ ಎತ್ತ ತಿರುಗಿದೆ ಎಂಬುದರ ಮೇಲೆ ಅವರ ಕಣ್ಣು. ಕಾಲು ಸಡಿಲವಾದವನ ತೋಳು ಎಷ್ಟು ದಪ್ಪಗಿದ್ದರೂ ಪ್ರಯೋಜನವಿಲ್ಲ ಎನ್ನುವುದು ಗರಡಿಯ ಮೊದಲ ಪಾಠ.

ಕುಸ್ತಿಯಲ್ಲಿ ಗುದ್ದುವಂತಿಲ್ಲ. ಆದರೆ ಈ ಪಾಠ ಗುದ್ದಾಟಕ್ಕೂ ಅಷ್ಟೇ ಸಲ್ಲುತ್ತದೆ. ಒಬ್ಬನ ಗುದ್ದು ಎದುರಾಳಿಯನ್ನು ಬರೀ ನೂಕುತ್ತದೆ, ಇನ್ನೊಬ್ಬನ ಗುದ್ದು ನಿಂತಲ್ಲೇ ಕೆಡವುತ್ತದೆ. ಇಬ್ಬರ ತೂಕವೂ ಒಂದೇ ಇರಬಹುದು, ಕೆಲವೊಮ್ಮೆ ಕೆಡವುವವನೇ ತೆಳ್ಳಗಿರಬಹುದು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ವಿಜ್ಞಾನಿಗಳು ಯಂತ್ರಗಳಿಂದ ಅಳೆಯತೊಡಗಿದ್ದು ಇತ್ತೀಚಿನ ಸಂಗತಿ. ಅದಕ್ಕೂ ಶತಮಾನಗಳ ಮೊದಲೇ, ಇಂದಿನ ಮಂಡ್ಯ ಜಿಲ್ಲೆಗೆ ಸೇರಿರುವ ಶ್ರೀರಂಗಪಟ್ಟಣದಲ್ಲಿ ಗುದ್ದಾಟವನ್ನೇ ಕುಲವೃತ್ತಿ ಮಾಡಿಕೊಂಡ ಜೆಟ್ಟಿಗಳಿದ್ದರು. ಅವರ ಕಾಳಗದ ಹೆಸರು ವಜ್ರಮುಷ್ಟಿ. ಗುದ್ದಿನ ಬಲವನ್ನು ಬೆಳೆಸುವುದರ ಜೊತೆಗೆ ಆ ಬಲಕ್ಕೆ ಮಿತಿ ಹಾಕುವ ಉಪಾಯವೂ ಆ ವಿದ್ಯೆಯಲ್ಲಿತ್ತು. ಬಾಕ್ಸಿಂಗ್ ಕಲಿಯುವ ಹುಡುಗ ಹುಡುಗಿಯರ ಸಂಖ್ಯೆ ಹೆಚ್ಚುತ್ತಿರುವ ಈ ಕಾಲದಲ್ಲಿ ಆ ಎರಡನೆಯ ಮಾತಿಗೆ ಮೊದಲನೆಯದಕ್ಕಿಂತ ಹೆಚ್ಚಿನ ಬೆಲೆಯಿದೆ.

ಅಳತೆಗೆ ಸಿಕ್ಕಿದ ಗುದ್ದು

1985ರಲ್ಲಿ ಬ್ರಿಟನ್ನಿನ ಸಂಶೋಧಕರು ಆ ದೇಶದ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋನ ಗುದ್ದನ್ನು ಅಳೆದರು. ಅಳತೆಯ ಉಪಕರಣಗಳನ್ನು ಜೋಡಿಸಿ ತೂಗುಹಾಕಿದ ಗುರಿಗೆ ಬ್ರೂನೋ ಗುದ್ದಬೇಕಿತ್ತು. ಅವನ ಮುಷ್ಟಿ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದಲ್ಲಿ ಬಂದು ತಾಗಿತು. ತಾಗಿದ 14 ಮಿಲಿಸೆಕೆಂಡಿನೊಳಗೆ ಬಲ 4,096 ನ್ಯೂಟನ್‌ಗೆ ಏರಿತು. ಇದು ನಾಲ್ಕು ಕ್ವಿಂಟಲಿಗೂ ಸ್ವಲ್ಪ ಹೆಚ್ಚಿನ ತೂಕಕ್ಕೆ ಸಮ. ಮೆತ್ತೆ ಸುತ್ತಿದ ಆರು ಕಿಲೋ ತೂಕದ ಮರದ ಕೊಡತಿಯನ್ನು ಅದೇ ವೇಗದಲ್ಲಿ ಬೀಸಿ ಹೊಡೆದಂತೆ ಎಂದು ಅವರು ವಿವರಿಸಿದರು. ನಾಲ್ಕು ಕ್ವಿಂಟಲ್ ಭಾರ ತಲೆಯ ಮೇಲೆ ಕುಳಿತರೆ ಮನುಷ್ಯ ಉಳಿಯುವುದಿಲ್ಲ. ಗುದ್ದು ತಿಂದವನು ಉಳಿಯುವುದು ಆ ಬಲ ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ಇರುವುದರಿಂದ.

ಇಪ್ಪತ್ತು ವರ್ಷಗಳ ನಂತರ, 2005ರಲ್ಲಿ, ಅಮೆರಿಕದ ಸಂಶೋಧಕರು ಬೇರೆ ಬೇರೆ ತೂಕದ ಏಳು ಮಂದಿ ಒಲಿಂಪಿಕ್ ಬಾಕ್ಸರುಗಳನ್ನು ಪರೀಕ್ಷಿಸಿದರು. ಅವರ ಗುದ್ದಿನ ಸರಾಸರಿ ಬಲ 3,427 ನ್ಯೂಟನ್, ಮುಷ್ಟಿಯ ಸರಾಸರಿ ವೇಗ ಸೆಕೆಂಡಿಗೆ 9.14 ಮೀಟರ್. ಭಾರೀ ಬಾಕ್ಸರುಗಳ ಗುದ್ದು ಹಗುರ ಬಾಕ್ಸರುಗಳ ಗುದ್ದಿಗಿಂತ ಜೋರಾಗಿದ್ದುದು ನಿಜ. ಅದಕ್ಕೆ ಮುಖ್ಯ ಕಾರಣ ಅವರ ಕೈಯ ವೇಗವಲ್ಲ, ಮುಷ್ಟಿಯ ಹಿಂದೆ ನಿಂತ ತೂಕ. ಈ ತೂಕ ಎಂದರೆ ಇಡೀ ಮೈಯ ತೂಕವಲ್ಲ. ಮುಷ್ಟಿ ತಾಗುವ ಕ್ಷಣದಲ್ಲಿ ಅದರೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡು ಮುಂದೆ ನುಗ್ಗುವ ಭಾಗ ಎಷ್ಟೋ ಅಷ್ಟು. ಆ ಏಳು ಮಂದಿಯಲ್ಲಿ ಅದು ಸರಾಸರಿ 2.9 ಕಿಲೋ ಮಾತ್ರ ಇತ್ತು.

ಈ ಒಂದು ಅಂಕಿಯಲ್ಲಿ ಬಹಳಷ್ಟು ಅರ್ಥ ಅಡಗಿದೆ. ಎಪ್ಪತ್ತು ಕಿಲೋ ತೂಕದ ಮನುಷ್ಯ ಗುದ್ದಿದಾಗಲೂ ಎಪ್ಪತ್ತು ಕಿಲೋ ಹೋಗಿ ತಾಗುವುದಿಲ್ಲ. ಮಣಿಕಟ್ಟು ಬಾಗಿದರೆ, ಮೊಣಕೈ ಸಡಿಲವಾಗಿದ್ದರೆ, ಭುಜ ಹಿಂದಕ್ಕೆ ಜಾರಿದರೆ ಒಂದೊಂದು ಕೀಲಿನಲ್ಲೂ ಬಲ ಸೋರಿಹೋಗುತ್ತದೆ. ತೂತು ಬಿದ್ದ ಏತದ ಬಾನಿಯಲ್ಲಿ ನೀರೆತ್ತಿದ ಹಾಗೆ, ಬಾವಿಯಲ್ಲಿ ಎಷ್ಟೇ ನೀರಿದ್ದರೂ ಗದ್ದೆಗೆ ಬೀಳುವುದು ಅರ್ಧ. ಪಳಗಿದ ಬಾಕ್ಸರ್ ಮತ್ತು ಹೊಸಬನ ನಡುವಿನ ವ್ಯತ್ಯಾಸಕ್ಕೆ ಈ ಸೋರಿಕೆ ಒಂದು ಮುಖ್ಯ ಕಾರಣ.

ನೆಲದಿಂದ ಹೊರಟು ಮುಷ್ಟಿಗೆ

ಹಾಗಾದರೆ ಬಲ ಹುಟ್ಟುವುದೆಲ್ಲಿ? 1985ರಲ್ಲೇ ಪ್ರಕಟವಾದ ಸೋವಿಯತ್ ಸಂಶೋಧನೆಯೊಂದು ಇದಕ್ಕೆ ಉತ್ತರ ಹುಡುಕಿತ್ತು. 120 ಬಾಕ್ಸರುಗಳ ನೇರ ಗುದ್ದನ್ನು ಪರೀಕ್ಷಿಸಿ, ಕಾಲು, ಮುಂಡ, ತೋಳುಗಳ ಪಾಲನ್ನು ಅದು ಬೇರೆಬೇರೆಯಾಗಿ ಲೆಕ್ಕ ಹಾಕಿತು. ಅತ್ಯಂತ ನುರಿತವರಲ್ಲಿ ಕಾಲಿನಿಂದ ನೆಲವನ್ನು ಒದೆಯುವುದರ ಪಾಲು ಶೇಕಡಾ 38ಕ್ಕೂ ಹೆಚ್ಚು. ಸೊಂಟ ಮತ್ತು ಮುಂಡದ ತಿರುವಿನ ಪಾಲು ಶೇಕಡಾ 37. ತೋಳಿನ ಪಾಲು ಶೇಕಡಾ 24 ಮಾತ್ರ. ಕೆಳಗಿನ ದರ್ಜೆಯ ಬಾಕ್ಸರುಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ತೋಳಿನದು ಶೇಕಡಾ 38ರಷ್ಟು, ಕಾಲಿನದು ಶೇಕಡಾ 17ಕ್ಕೂ ಕಡಿಮೆ. ಕಲಿಯದವನು ಕೈಯಿಂದ ಗುದ್ದುತ್ತಾನೆ, ಕಲಿತವನು ಕಾಲಿನಿಂದ ಗುದ್ದುತ್ತಾನೆ ಎಂದು ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು.

ನಾಟಿಗೆ ಹದಮಾಡಿದ ಕೆಸರುಗದ್ದೆಯಲ್ಲಿ ನಿಂತು ಯಾರಾದರೂ ಜೋರಾಗಿ ಕೈ ಬೀಸಿ ನೋಡಿದರೆ ಇದು ತಾನಾಗಿ ತಿಳಿಯುತ್ತದೆ. ತೋಳು ಅದೇ, ಸ್ನಾಯು ಅದೇ, ಆದರೆ ಪಾದ ಜಾರುವುದರಿಂದ ಏಟಿನಲ್ಲಿ ಜೀವವಿರುವುದಿಲ್ಲ. ಸೌದೆ ಸೀಳುವವನೂ ಮೊದಲು ಕಾಲನ್ನು ಅಗಲಿಸಿ ಊರುತ್ತಾನೆ, ಮಂಡಿಯನ್ನು ಸ್ವಲ್ಪ ಬಗ್ಗಿಸುತ್ತಾನೆ, ಆಮೇಲೆ ಕೊಡಲಿ ಎತ್ತುತ್ತಾನೆ. ನೆಲವನ್ನು ಪಾದ ಎಷ್ಟು ಒತ್ತುತ್ತದೆಯೋ ಅಷ್ಟೇ ಬಲದಿಂದ ನೆಲ ಪಾದವನ್ನು ಮರಳಿ ಒತ್ತುತ್ತದೆ. ಆ ಬಲ ಮೀನಖಂಡ, ತೊಡೆಗಳ ಮೂಲಕ ಸೊಂಟಕ್ಕೆ ಏರುತ್ತದೆ. ಸೊಂಟ ತಿರುಗಿದಾಗ ಮುಂಡ ಅದರ ಹಿಂದೆ, ಭುಜ ಮುಂಡದ ಹಿಂದೆ, ಕೈ ಭುಜದ ಹಿಂದೆ ಸರಪಳಿಯಂತೆ ಸಾಗುತ್ತವೆ. ದೊಡ್ಡ ಭಾಗದ ನಿಧಾನವಾದ ಚಲನೆ ಚಿಕ್ಕ ಭಾಗಕ್ಕೆ ದಾಟುತ್ತ ದಾಟುತ್ತ ವೇಗವಾಗುತ್ತದೆ. ಚಾವಟಿಯ ಹಿಡಿ ಸ್ವಲ್ಪವೇ ಅಲುಗಿದರೂ ತುದಿ ಸಿಡಿಯುವುದು ಹೀಗೆಯೇ.

ಇನ್ನೊಂದು ಗುಟ್ಟು ಸ್ನಾಯುಗಳ ಬಿಗಿತ ಮತ್ತು ಸಡಿಲಿಕೆಯಲ್ಲಿದೆ. ಮೈಯೆಲ್ಲ ಬಿಗಿ ಹಿಡಿದವನ ಕೈ ವೇಗವಾಗಿ ಚಲಿಸಲಾರದು. ಪೂರ್ತಿ ಸಡಿಲ ಬಿಟ್ಟವನ ಕೈ ವೇಗವಾಗಿ ಹೋದರೂ ತಾಗುವಾಗ ಮಡಚಿಕೊಳ್ಳುತ್ತದೆ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು 2010ರಲ್ಲಿ ಉನ್ನತ ಮಟ್ಟದ ಹೋರಾಟಗಾರರ ಸ್ನಾಯುಗಳಿಗೆ ತಂತಿ ಜೋಡಿಸಿ ನೋಡಿದಾಗ ಕಂಡದ್ದು ಎರಡು ಶಿಖರಗಳು. ಹೊರಡುವಾಗ ಸ್ನಾಯು ಒಮ್ಮೆ ಬಿಗಿಯುತ್ತದೆ, ದಾರಿಯಲ್ಲಿ ಸಡಿಲಗೊಳ್ಳುತ್ತದೆ, ತಾಗುವ ಕ್ಷಣದಲ್ಲಿ ಮತ್ತೊಮ್ಮೆ ಬಿಗಿಯುತ್ತದೆ. ನಡುವಿನ ಸಡಿಲಿಕೆಯಿಂದ ವೇಗ, ಕೊನೆಯ ಬಿಗಿತದಿಂದ ತೂಕ. ಹೊಸಬರಿಗೆ ಸುಲಭವಾಗಿ ಒಲಿಯದಿರುವುದು ನಡುವೆ ಸಡಿಲ ಬಿಡುವ ಈ ಹದ.

ಗರಡಿ ಮನೆಯ ಸಾಮುಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವು ಎಷ್ಟು ಲೆಕ್ಕಾಚಾರದಿಂದ ಕೂಡಿವೆ ಎಂಬುದು ಹೊಳೆಯುತ್ತದೆ. ನೂರಾರು ಬಸ್ಕಿ ಹೊಡೆಸುವುದು ತೊಡೆಗೆ. ದಂಡೆ ಹೊಡೆಸುವುದು ಎದೆ, ಭುಜ, ಬೆನ್ನುಗಳನ್ನು ಒಂದೇ ಓಟದಲ್ಲಿ ಪಳಗಿಸಲು. ಭಾರವಾದ ಗದೆಯನ್ನು ತಲೆಯ ಸುತ್ತ ತಿರುಗಿಸುವಾಗ ಕೈಯ ಬಲವೊಂದನ್ನೇ ನಂಬಿದರೆ ಹತ್ತು ಸುತ್ತಿಗೇ ಭುಜ ಸೋಲುತ್ತದೆ. ಸೊಂಟ ಮತ್ತು ಪಾದ ಅದರ ಲಯಕ್ಕೆ ಹೊಂದಿಕೊಂಡರೆ ಮಾತ್ರ ಗದೆ ಹಗುರವಾಗುತ್ತದೆ. ಎಣ್ಣೆ, ಅರಿಶಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿಯಲ್ಲಿ ಬರಿಗಾಲಿನಲ್ಲಿ ಸೆಣಸುವವನ ಕಾಲ್ಬೆರಳುಗಳು ನೆಲವನ್ನು ಹಿಡಿಯಲು ಕಲಿಯುತ್ತವೆ.

ಈ ತರಬೇತಿಯ ಬೇರು ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಮೀಸಲಾದ ಭಾಗವಿದೆ. ಮಲ್ಲರ ಆಹಾರ, ದರ್ಜೆ, ವ್ಯಾಯಾಮಗಳನ್ನು ಅಲ್ಲಿ ವಿಂಗಡಿಸಿ ಹೇಳಲಾಗಿದೆ. ಭಾರ ಎತ್ತುವುದು, ಓಡಾಟ, ಈಜು, ಕಂಬದ ಮೇಲಿನ ಸಾಧನೆ ಒಂದೊಂದಕ್ಕೂ ಬೇರೆ ಬೇರೆ ಹೆಸರುಗಳಿವೆ. ಮೇಲು ದರ್ಜೆಯ ಮಲ್ಲನನ್ನು ಅದು ‘ಜ್ಯೇಷ್ಠಿಕ’ ಎಂದು ಕರೆಯುತ್ತದೆ. ಕನ್ನಡದ ‘ಜೆಟ್ಟಿ’, ‘ಜಟ್ಟಿ’ ಎಂಬ ಮಾತುಗಳಿಗೆ ಈ ಶಬ್ದದ ನಂಟಿದೆ ಎನ್ನಲಾಗುತ್ತದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆಯ ಜಟ್ಟಿಯೂ ಇದೇ ವಂಶದವನು.

ಹಂಪೆಯಿಂದ ಶ್ರೀರಂಗಪಟ್ಟಣಕ್ಕೆ

ಜೆಟ್ಟಿಗಳ ಗುದ್ದಾಟಕ್ಕೆ ರಾಜಾಶ್ರಯ ಇದ್ದುದರ ಸ್ಪಷ್ಟ ಚಿತ್ರ ಸಿಗುವುದು ವಿಜಯನಗರದ ಮಹಾನವಮಿಯ ವರ್ಣನೆಗಳಲ್ಲಿ. 16ನೇ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್, ಅರಸನ ಬಳಿ ಈ ಹಬ್ಬಕ್ಕೆಂದೇ ಸಾವಿರ ಮಂದಿ ಜಟ್ಟಿಗಳಿದ್ದರು ಎನ್ನುತ್ತಾನೆ. ಅವರ ಕಾಳಗ ತನ್ನ ದೇಶದ ಮಲ್ಲಯುದ್ಧದಂತಿರಲಿಲ್ಲ, ಮೊನೆಗಳುಳ್ಳ ಬಳೆಯಂಥ ಆಯುಧವನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು ಎಂದು ಬೆರಗಿನಿಂದ ಬರೆದಿದ್ದಾನೆ. ಹೆಚ್ಚು ಗಾಯಗೊಂಡವನೇ ಹೋಗಿ ಅರಸನಿಂದ ರೇಷ್ಮೆ ವಸ್ತ್ರವನ್ನು ಪಡೆಯುತ್ತಿದ್ದನಂತೆ. ಸೋತವನ ರಕ್ತಕ್ಕೂ ಸಲ್ಲುತ್ತಿದ್ದ ಈ ಮರ್ಯಾದೆ ಗಮನಿಸತಕ್ಕದ್ದು. ಎದುರಾಳಿಯನ್ನು ಮುಗಿಸುವುದು ಆ ಕಾಳಗದ ಗುರಿಯಾಗಿರಲಿಲ್ಲ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿಯೇ ನವರಾತ್ರಿಯ ಉತ್ಸವವನ್ನು ಆರಂಭಿಸಿದಾಗ ವಿಜಯನಗರದ ಸಂಪ್ರದಾಯ ಕಾವೇರಿಯ ದಂಡೆಗೆ ಬಂದಿತು. ಮುಂದೆ ಪಟ್ಟಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಸ್ವತಃ ಜಟ್ಟಿಗಳೆಂದು ಪ್ರಸಿದ್ಧರು. ಪಟ್ಟವೇರುವ ಮುನ್ನ ಅವರು ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಜಟ್ಟಿಯೊಬ್ಬನನ್ನು ಸೋಲಿಸಿ, ಯಾರಿಗೂ ತಿಳಿಯದಂತೆ ಮರಳಿದರೆಂಬ ಕಥೆ ಹಳೆ ಮೈಸೂರಿನ ಮನೆಮನೆಯಲ್ಲೂ ಕೇಳಿಬರುತ್ತಿತ್ತು. ಅವರ ಆಸ್ಥಾನದ ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ ಶ್ರೀರಂಗಪಟ್ಟಣದ ಮಹಾನವಮಿಯ ವೈಭವವನ್ನು ವಿಸ್ತಾರವಾಗಿ ವರ್ಣಿಸುವ ಕೃತಿ.

ಹೈದರ್ ಮತ್ತು ಟಿಪ್ಪು ಕಾಲದಲ್ಲೂ ಜೆಟ್ಟಿಗಳು ಶ್ರೀರಂಗಪಟ್ಟಣದಲ್ಲಿ ಉಳಿದರು. ಅವರ ರಾಜ್ಯದಲ್ಲಿ ಹತ್ತು ವರ್ಷ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಯುವಕ ತನ್ನ ನೆನಪುಗಳಲ್ಲಿ, 1824ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಟಿಪ್ಪುವಿನ ಎದುರು ನಡೆಯುತ್ತಿದ್ದ ಈ ಕಾಳಗವನ್ನು ಬಣ್ಣಿಸಿದ್ದಾನೆ. ತಲೆ ಬೋಳಿಸಿ, ಮೈಗೆ ಎಣ್ಣೆ ಸವರಿ, ಬಲಗೈಯ ಬೆರಳುಗಳ ಮೇಲೆ ಉಕ್ಕಿನ ನಾಲ್ಕು ಉಗುರುಗಳನ್ನು ಕಟ್ಟಿಕೊಂಡು ಅವರು ಕಣಕ್ಕಿಳಿಯುತ್ತಿದ್ದರು. ಕೊರಳಿನ ಹೂವನ್ನು ಒಬ್ಬರ ಮುಖಕ್ಕೆ ಒಬ್ಬರು ಎರಚುವುದರೊಂದಿಗೆ ಕಾಳಗ ಶುರುವಾಗುತ್ತಿತ್ತು. ಇದೇ ಜೆಟ್ಟಿಗಳಿಗೆ ಮರಣದಂಡನೆಯನ್ನು ಜಾರಿ ಮಾಡುವ ಕೆಲಸವನ್ನೂ ಆಗ ಒಪ್ಪಿಸಲಾಗುತ್ತಿತ್ತು. ಬಲ ಎಂಬುದು ಯಾರ ಕೈಯ ಆಜ್ಞೆಗೆ ಒಳಪಟ್ಟಿದೆಯೋ ಅದರಂತೆ ಅದರ ರೂಪವೂ ಬದಲಾಗುತ್ತದೆ ಎಂಬುದಕ್ಕೆ ಇದು ಕಹಿಯಾದ ಉದಾಹರಣೆ. ಅದೇ ಕುಲದವರು ಉಳುಕು ತೆಗೆಯುವುದರಲ್ಲಿ, ಜಾರಿದ ಕೀಲನ್ನು ಕೂಡಿಸುವುದರಲ್ಲಿ ಕೈಗುಣ ಉಳ್ಳವರೆಂದೂ ಹೆಸರಾಗಿದ್ದರು.

1799ರ ಮಾರ್ಚ್‌ನಲ್ಲಿ ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯ ಬ್ರಿಟಿಷರ ಎದುರು ಹಿಮ್ಮೆಟ್ಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ರಾಜಧಾನಿ ಮೈಸೂರಿಗೆ ಹೋಯಿತು, ದಸರಾ ಹೋಯಿತು, ಜೆಟ್ಟಿಗಳ ಕಾಳಗವೂ ಅವುಗಳ ಹಿಂದೆಯೇ ಹೋಯಿತು.

ಏಟಿಗೆ ಕಡಿವಾಣ

1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಮೈಸೂರು ಇತಿಹಾಸದ ಮೇಲೆ ದೊಡ್ಡ ಗ್ರಂಥ ಬರೆದವನು. 1810ರಲ್ಲಿ ಹೊರಬಂದ ಅದರ ಮೊದಲ ಸಂಪುಟದಲ್ಲಿ ವಜ್ರಮುಷ್ಟಿಯ ವಿವರವಿದೆ. ಗುದ್ದಿನ ಬಲದ ವಿಚಾರದಲ್ಲಿ ಅವನ ಒಂದು ಗಮನಿಕೆ ಅಮೂಲ್ಯವಾದದ್ದು.

ಆಯುಧವನ್ನು ಎಮ್ಮೆಯ ಕೊಂಬಿನಿಂದ ಮಾಡುತ್ತಿದ್ದರು. ಅದರ ಮೇಲೆ ಬೆರಳ ಗೆಣ್ಣುಗಳಂತೆಯೇ ಕಾಣುವ, ಆದರೆ ಅದಕ್ಕಿಂತ ಬಹಳ ಚೂಪಾದ ನಾಲ್ಕು ಮೊನೆಗಳು, ಕಿರುಬೆರಳಿನ ಕಡೆ ಇನ್ನೂ ಎದ್ದು ನಿಂತ ಐದನೆಯ ಮೊನೆ. ಇದನ್ನು ಸರಿಯಾದ ಜಾಗದಲ್ಲಿ ಧರಿಸಿದರೆ ಸಾಧಾರಣ ಬಲದ ಮನುಷ್ಯನೂ ಒಂದೇ ಏಟಿಗೆ ತಲೆ ಸೀಳಬಹುದಿತ್ತು. ಕಾರಣ ಸರಳ. ಅದೇ ಬಲ ಅಗಲವಾದ ಜಾಗದ ಮೇಲೆ ಹರಡುವುದಕ್ಕೂ ಚಿಕ್ಕ ಮೊನೆಯ ಮೇಲೆ ನೆಲೆಸುವುದಕ್ಕೂ ಬಹಳ ಅಂತರವಿದೆ. ಕೊಡಲಿಯ ಬೆನ್ನಿಗೂ ಬಾಯಿಗೂ ಇರುವ ಅಂತರ ಅದು.

ಆದರೆ ಜೆಟ್ಟಿಗಳು ಅದನ್ನು ಆ ಜಾಗದಲ್ಲಿ ಕಟ್ಟಿಕೊಳ್ಳುತ್ತಿರಲಿಲ್ಲ. ಬೆರಳುಗಳನ್ನು ಆಯುಧದೊಳಗೆ ತೂರಿಸಿ, ಕೆಳಗಿನ ಎರಡು ಗೆಣ್ಣುಗಳ ನಡುವೆ ಬರುವಂತೆ ಬಿಗಿಯುತ್ತಿದ್ದರು. ಹಾಗೆ ಕಟ್ಟಿಕೊಂಡು ಪೂರ್ತಿ ಬಲದಿಂದ ಗುದ್ದಿದರೆ ಗುದ್ದಿದವನ ಬೆರಳುಗಳ ಕೀಲೇ ಕಳಚುವ ಅಪಾಯವಿತ್ತು ಎಂದು ವಿಲ್ಕ್ಸ್ ವಿವರಿಸುತ್ತಾನೆ. ಅಂದರೆ ಕಾಲಿನಿಂದ ಹೊರಟು, ಸೊಂಟದಲ್ಲಿ ತಿರುಗಿ, ಭುಜವನ್ನು ದಾಟಿ ಬಂದ ಬಲವನ್ನು ಕೊನೆಯ ಅಂಗುಲದಲ್ಲಿ ತಡೆಯಲೇಬೇಕು. ಎದುರಾಳಿಯ ತಲೆಯನ್ನು ಕಾಯುತ್ತಿದ್ದುದು ಗುದ್ದುವವನ ಬೆರಳು. ಆಯುಧವೇ ಏಟಿಗೆ ಕಡಿವಾಣ.

ಉಳಿದ ನಿಯಮಗಳೂ ಇದೇ ದಿಕ್ಕಿನವು. ಉಸ್ತಾದರು ಮುಂಚೆಯೇ ಸಮಬಲದವರ ಜೋಡಿ ಕಟ್ಟುತ್ತಿದ್ದರು. ಮೈಸೂರು ದಸರಾ ಕುಸ್ತಿಯಲ್ಲಿ ‘ಜೋಡಿ ಕಟ್ಟುವುದು’ ಎಂಬ ಮಾತು ಈಗಲೂ ಬಳಕೆಯಲ್ಲಿದೆ. ಏಟು ತಲೆಗೆ ಮಾತ್ರ ಬೀಳಬೇಕು, ಬೇರೆಲ್ಲೂ ಹೊಡೆಯುವಂತಿಲ್ಲ. ಕಾಳಗ ಅತಿಯಾಯಿತು ಎನಿಸಿದಾಗ, ಇಲ್ಲವೇ ಗೆಲುವು ಯಾರದೆಂದು ಖಚಿತವಾದಾಗ ಅರಸರ ಬಳಿ ನಿಂತ ಮಧ್ಯಸ್ಥರು ಪೇಟವನ್ನೂ ವಸ್ತ್ರವನ್ನೂ ಕಣಕ್ಕೆ ಎಸೆಯುತ್ತಿದ್ದರು. ಅದು ನಿಲ್ಲಿಸುವ ಸೂಚನೆಯೂ ಹೌದು, ಇಬ್ಬರಿಗೂ ಸಲ್ಲುವ ಬಹುಮಾನವೂ ಹೌದು. ಜೆಟ್ಟಿಗಳಲ್ಲಿ ಐದು ದರ್ಜೆಗಳಿದ್ದು, ಗೆದ್ದವನಿಗೆ ಮೇಲಿನ ದರ್ಜೆಗೆ ಬಡ್ತಿ ಸಿಗುತ್ತಿತ್ತು. ಮೊದಲ ದರ್ಜೆಯ ಜೆಟ್ಟಿ ಮುದುಕನಾದ ಮೇಲೆ ತಾನೇ ಕಾಳಗ ನಡೆಸಿಕೊಡುವ ಹಿರಿಯನಾಗುತ್ತಿದ್ದ. ಏಟು ತಿಂದು ಬಲ್ಲವನೇ ನಿಲ್ಲಿಸುವ ಅಧಿಕಾರವನ್ನೂ ಹೊಂದುತ್ತಿದ್ದ.

ಇದು ನೋವಿಲ್ಲದ ಆಟವಾಗಿತ್ತು ಎಂದು ಭಾವಿಸಬೇಕಾಗಿಲ್ಲ. ನೆತ್ತಿಯಿಂದ ಹರಿದ ರಕ್ತ ಕಣದ ಮರಳಿಗೆ ಇಳಿಯುತ್ತಿದ್ದುದನ್ನು ವಿಲ್ಕ್ಸ್ ಮರೆಮಾಚಿಲ್ಲ. ಕಾಲಕ್ರಮದಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಈಗ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ರಾಜವಂಶಸ್ಥರ ಸಮ್ಮುಖದಲ್ಲಿ ನಡೆಯುವ ಕಾಳಗದಲ್ಲಿ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕೂಡಲೇ ಉಸ್ತಾದರು ನಡುವೆ ನುಗ್ಗಿ ಬಿಡಿಸುತ್ತಾರೆ. ಕೆಲವೊಮ್ಮೆ ಕಾಳಗ ಒಂದು ನಿಮಿಷವೂ ಇರುವುದಿಲ್ಲ. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣಗಳ ಜೆಟ್ಟಿ ಮನೆತನದವರು ಇದರಲ್ಲಿ ಭಾಗವಹಿಸುತ್ತಾರೆ. ಚನ್ನಪಟ್ಟಣದ ಜೆಟ್ಟಿ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿ ಮದ್ದೂರು, ಮಂಡ್ಯಗಳನ್ನು ಹಾದು, ಅವನ ಪೂರ್ವಿಕರು ಕಾದಾಡಿದ ಶ್ರೀರಂಗಪಟ್ಟಣವನ್ನು ದಾಟಿಯೇ ಹೋಗುತ್ತದೆ.

ಕಾಣುವ ರಕ್ತ, ಕಾಣದ ಗಾಯ

ತಲೆಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಸಣ್ಣ ಗೀರು ಬಿದ್ದರೂ ಧಾರಾಳವಾಗಿ ರಕ್ತ ಸುರಿಯುತ್ತದೆ. ನೋಡುವವರಿಗೆ ಭಯ ಹುಟ್ಟಿಸುವ ಈ ಸಂಗತಿ ವಜ್ರಮುಷ್ಟಿಯಲ್ಲಿ ಒಂದು ರಕ್ಷಣೆಯೂ ಆಗಿದೆ. ಆಳವಾದ ಪೆಟ್ಟು ಬೀಳುವ ಮೊದಲೇ ಮೇಲಿನ ಗೀರು ಎಲ್ಲರಿಗೂ ಕಾಣುತ್ತದೆ, ಕಾಳಗ ನಿಲ್ಲುತ್ತದೆ.

ಬಾಕ್ಸಿಂಗಿನ ಚರಿತ್ರೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿತು. ಇಂಗ್ಲೆಂಡಿನಲ್ಲಿ ಬರಿಗೈ ಗುದ್ದಾಟವಿದ್ದ ಕಾಲದಲ್ಲಿ ಹೋರಾಟಗಾರರು ಎದುರಾಳಿಯ ಹಣೆಗೆ ಪೂರ್ತಿ ಬಲದಿಂದ ಗುದ್ದಲು ಹಿಂಜರಿಯುತ್ತಿದ್ದರು. ತಲೆಬುರುಡೆ ಗಟ್ಟಿ, ಅಂಗೈಯ ಮೂಳೆ ತೆಳ್ಳಗೆ. ಬೆರಳ ಬುಡದ ಮೂಳೆ ಮುರಿಯುವುದಕ್ಕೆ ವೈದ್ಯರು ಇಂದಿಗೂ ‘ಬಾಕ್ಸರನ ಮುರಿತ’ ಎಂದೇ ಹೆಸರಿಟ್ಟಿದ್ದಾರೆ. 1867ರ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸನ್ನು ಕಡ್ಡಾಯ ಮಾಡಿದವು. ಆಟ ಸಭ್ಯವಾಯಿತು ಎಂದು ಎಲ್ಲರಿಗೂ ಅನಿಸಿತು. ಮುಖದ ಗೀರು, ರಕ್ತ ಕಡಿಮೆಯಾದದ್ದು ನಿಜ. ಆದರೆ ಮೆತ್ತೆ ಮೊದಲು ಕಾಪಾಡಿದ್ದು ಗುದ್ದುವವನ ಕೈಯನ್ನು. ಕೈಗೆ ನೋವಾಗದೆ ಹೋದಾಗ ತಲೆಗೆ ಮತ್ತೆ ಮತ್ತೆ, ಪೂರ್ತಿ ಬಲದಿಂದ ಗುದ್ದುವುದು ಸುಲಭವಾಯಿತು. ಎಮ್ಮೆ ಕೊಂಬಿನ ಆಯುಧ ಹಾಕಿದ್ದ ಕಡಿವಾಣವನ್ನು ಮೆತ್ತನೆಯ ಗವಸು ಬಿಚ್ಚಿತು.

ಮೆತ್ತೆ ಏಟಿನ ತೀಕ್ಷ್ಣತೆಯನ್ನು ಸ್ವಲ್ಪ ತಗ್ಗಿಸುತ್ತದೆ, ಬಲವನ್ನು ಅಗಲವಾಗಿ ಹರಡುತ್ತದೆ. ತಲೆಯನ್ನು ತಿರುಗಿಸುವ ನೂಕನ್ನು ಮಾತ್ರ ಅದು ಅಷ್ಟಾಗಿ ತಡೆಯಲಾರದು. ದವಡೆಯ ಪಕ್ಕಕ್ಕೆ ಬಿದ್ದ ಗುದ್ದಿಗೆ ತಲೆ ಗಕ್ಕನೆ ತಿರುಗುತ್ತದೆ, ಒಳಗಿನ ಮೆದುಳು ಅದೇ ವೇಗದಲ್ಲಿ ತಿರುಗಲಾರದೆ ಹಿಂದೆ ಉಳಿಯುತ್ತದೆ. ಆ ಎಳೆತಕ್ಕೆ ಸೂಕ್ಷ್ಮವಾದ ನರತಂತುಗಳು ಜಗ್ಗುತ್ತವೆ, ಕೆಲವೊಮ್ಮೆ ರಕ್ತನಾಳವೇ ಹರಿಯುತ್ತದೆ. ಗುದ್ದು ಬರುತ್ತಿದೆ ಎಂದು ತಿಳಿದವನು ಕುತ್ತಿಗೆ ಬಿಗಿದುಕೊಳ್ಳುತ್ತಾನೆ, ಅವನ ತಲೆ ಮೈಯೊಂದಿಗೆ ಬೆಸೆದುಕೊಂಡು ಭಾರವಾಗುತ್ತದೆ. ಕಾಣದೆ ಬಂದ ಗುದ್ದಿಗೆ ಈ ರಕ್ಷಣೆ ಇಲ್ಲ. ಮನುಷ್ಯನನ್ನು ಕೆಡವುವ ಏಟು ಎಲ್ಲಕ್ಕಿಂತ ಜೋರಾದ ಏಟೇ ಆಗಿರಬೇಕಿಲ್ಲ ಎನ್ನುವುದು ಇದಕ್ಕೇ. ಗುದ್ದಿನ ಬಲದ ಲೆಕ್ಕದಲ್ಲಿ ಗುದ್ದುವವನ ಕಾಲು ಎಷ್ಟು ಮುಖ್ಯವೋ ತಿನ್ನುವವನ ಕುತ್ತಿಗೆಯೂ ಅಷ್ಟೇ ಮುಖ್ಯ.

ವರ್ಷಗಟ್ಟಲೆ ತಲೆಗೆ ಗುದ್ದು ತಿಂದವರು ಮಾತು ತೊದಲುವುದನ್ನು, ನಡೆಯುವಾಗ ತೂರಾಡುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವೈದ್ಯಪತ್ರಿಕೆಯಲ್ಲಿ ದಾಖಲಿಸಿದ್ದ. ತಲೆಗೆ ಕವಚ ತೊಡಿಸಿದರೆ ಸಾಕು ಎಂದುಕೊಂಡು 1984ರ ಒಲಿಂಪಿಕ್ಸ್‌ನಿಂದ ಅದನ್ನು ಬಳಕೆಗೆ ತರಲಾಯಿತು. ಗೀರು ಕಡಿಮೆಯಾಯಿತು, ಮೆದುಳಿನ ತಿರುಚುವಿಕೆಯನ್ನು ಅದು ತಡೆಯುತ್ತದೆಯೇ ಎಂಬ ಅನುಮಾನ ಉಳಿಯಿತು. ಪುರುಷರ ಪಂದ್ಯಗಳಲ್ಲಿ 2013ರಲ್ಲಿ ಕವಚವನ್ನು ಕೈಬಿಡಲಾಯಿತು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಬರಿದಲೆಯಲ್ಲಿ ಸೆಣಸಿದರು.

ದೂರದ ದೇಶಗಳ ಸಂಗತಿ ಇದು ಎಂದು ಸುಮ್ಮನಿರುವಂತಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಎದುರಾಳಿಯ ಗುದ್ದಿಗೆ ಕುಸಿದ ಮೈಸೂರಿನ ಯುವಕ ಮತ್ತೆ ಏಳಲಿಲ್ಲ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟ. ವಜ್ರಮುಷ್ಟಿಯ ತವರಿನ ಹುಡುಗನೊಬ್ಬ ಹೀಗೆ ಹೋದದ್ದು ಮನಸ್ಸನ್ನು ಕಲಕುವ ಸಂಗತಿ.

ಈ ಕಾರಣಕ್ಕೆ ಬಾಕ್ಸಿಂಗನ್ನು ಬಿಡಬೇಕೆಂದಲ್ಲ. ಕಾಲು ಊರುವುದನ್ನು, ಸೊಂಟ ತಿರುಗಿಸುವುದನ್ನು, ಬಿಗಿದು ಸಡಿಲ ಬಿಡುವ ಹದವನ್ನು ಕಲಿಸುವ ಯಾವ ವಿದ್ಯೆಯೂ ಮೈಗೆ ಒಳ್ಳೆಯದೇ. ಇವನ್ನೆಲ್ಲ ಚೀಲಕ್ಕೆ ಗುದ್ದಿಯೂ ಕಲಿಯಬಹುದು. ಎಳೆಯ ಮಕ್ಕಳ ತಲೆಗೆ ಗುದ್ದಿಸಿಯೇ ಕಲಿಸಬೇಕೆಂಬ ಅಗತ್ಯವಿಲ್ಲ. ಪಂದ್ಯಕ್ಕೆ ಇಳಿಸುವ ಮೊದಲು ಸಮಬಲದ ಜೋಡಿ ಕಟ್ಟುವುದು, ಕಣದ ಪಕ್ಕದಲ್ಲಿ ವೈದ್ಯರನ್ನೂ ಆಂಬುಲೆನ್ಸನ್ನೂ ನಿಲ್ಲಿಸುವುದು, ತಲೆಗೆ ಪೆಟ್ಟು ತಿಂದವನನ್ನು ತಿಂಗಳೊಪ್ಪತ್ತು ಅಭ್ಯಾಸದಿಂದ ದೂರವಿಡುವುದು ಸಂಘಟಕರು ಮಾಡಲಾಗದ ಕೆಲಸಗಳೇನಲ್ಲ.

ಬಾಕ್ಸಿಂಗಿನಲ್ಲೂ ಸೋಲೊಪ್ಪಿಕೊಳ್ಳುವ ತರಬೇತುದಾರ ಕಣಕ್ಕೆ ಟವೆಲ್ ಎಸೆಯುವ ಪದ್ಧತಿಯಿದೆ. ಶಿಷ್ಯನ ಮರ್ಯಾದೆ ಹೋದೀತು ಎಂಬ ಅಳುಕಿನಿಂದ ಅವನ ಕೈ ಎಷ್ಟೋ ಸಲ ತಡೆಯುತ್ತದೆ. ಜೆಟ್ಟಿಗಳ ಕಾಳಗದಲ್ಲಿ ಕಣಕ್ಕೆ ಬೀಳುತ್ತಿದ್ದುದು ಪೇಟ ಮತ್ತು ವಸ್ತ್ರ. ಅದು ಬಿದ್ದಾಗ ಕಾಳಗ ನಿಲ್ಲುತ್ತಿತ್ತು, ಗೆದ್ದವನಂತೆ ಸೋತವನೂ ಉಡುಗೊರೆ ಪಡೆದು ಮನೆಗೆ ಹೋಗುತ್ತಿದ್ದ. ಮುಂದಿನ ದಸರೆಗೆ ಮತ್ತೆ ಬರುತ್ತಿದ್ದ.